ಆ ಮೂರು ಮಾತ್ರೆ

ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಎಂಆರ್‌ಐ ವಿಷಯ, ನಿನಗೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಹೊದಿಕೆ ಸವೆಯುವ ಕಾಯಿಲೆ) ಅಂತ ಗೊತ್ತಾದದ್ದು, ರಜೆ ಹಾಕಿದ್ದು, ಎಲ್ಲ ನಿಮ್ಮಮ್ಮ ಹೇಳಿದ್ದಾಳೆ. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕೊನೆಯ ಸಾಲು. "ಮಾವ, ನ್ಯುಮೋನಿಯಾ ಆದಾಗ ಆಂಟಿಬಯೋಟಿಕ್ ಮೂರು ಮಾತ್ರೆ ನುಂಗದೆ ಬಿಟ್ಟಿದ್ದೆ. ಅದಕ್ಕೇ ಎಂಎಸ್ ಬಂತಾ?"

ಇಂಥದ್ದೇ ಪ್ರಶ್ನೆಯನ್ನು, ತನಗೆ ಎಂಎಸ್ ಬಂದಾಗ, ನಿನ್ನ ಚಿಕ್ಕಮ್ಮನೂ ನನ್ನನ್ನು ಕೇಳಿದ್ದಳು.

1999ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಒಂದು ಸಂಗತಿ ಹೇಳಿದರು. ಎಂಎಸ್ ಇರುವವರ ಬೆನ್ನುಹುರಿಯ ಸುತ್ತಲಿನ ನೀರಿನಲ್ಲಿ ಕ್ಲಮೈಡಿಯಾ ನ್ಯುಮೋನಿಯೇ ಸಿಕ್ಕಿದೆ ಅಂತ. ಶ್ವಾಸಕೋಶಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ ಅದು. ನಾನು ಅಷ್ಟು ಓದಿಕೊಂಡು, ದೊಡ್ಡ ಜಾಣನ ಹಾಗೆ ಅವಳಿಗೆ "ಇರಬಹುದು ಕಣೇ, ಆವತ್ತಿನ ಜ್ವರ ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂದುಬಿಟ್ಟೆ. ಆಮೇಲೆ ಬೇರೆ ಲ್ಯಾಬಿನವರು ಹುಡುಕಿದರು. ಹಲವರಿಗೆ ಅದು ಸಿಗಲೇ ಇಲ್ಲ. ಇದು ನನಗೆ ತಿಳಿಯುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಅಷ್ಟೂ ವರ್ಷ ಅವಳು ತನ್ನನ್ನೇ ಬೈದುಕೊಂಡಿದ್ದಳು. ತಪ್ಪಾಯ್ತು ಅಂತ ಹೇಳಲು ಹೋದರೆ, "ಬಿಡಣ್ಣಾ, ಈಗ್ಯಾಕೆ" ಅಂದಳು.

ಮೂರು ಮಾತ್ರೆ ಬಿಟ್ಟರೆ ಎಂಎಸ್ ಬರುತ್ತದೆ ಅಂತ ಯಾರೂ ತೋರಿಸಿಲ್ಲ, ಪುಟ್ಟಿ. 2022ರಲ್ಲಿ ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ನೋಡಿ ಸಂಶೋಧಕರು ಗಟ್ಟಿಯಾಗಿ ಬೆರಳು ತೋರಿಸಿದ್ದು ಎಪ್‌ಸ್ಟೈನ್-ಬಾರ್ ಎಂಬ ಸೋಂಕಿನ ಕಡೆಗೆ. ಅದು ತಗುಲಿದ ಮೇಲೆ ಎಂಎಸ್ ಅಪಾಯ ಸುಮಾರು 32 ಪಟ್ಟು ಏರಿತ್ತು. ಆದರೆ ಅದು ವೈರಸ್. ಆಂಟಿಬಯೋಟಿಕ್‌ಗೆ ಜಗ್ಗುವುದೇ ಇಲ್ಲ. ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನರ ಮೈಯಲ್ಲಿ ಅದಿದೆ, ನನ್ನಲ್ಲೂ ಇದ್ದೀತು. ಎಂಎಸ್ ಬರುವುದು ಎಲ್ಲೋ ಕೆಲವರಿಗೆ.

ಹಾಗಂತ ಈಗ ಉಳಿದ ಮಾತ್ರೆ ಹುಡುಕಿ ನುಂಗಬೇಡ. ನಗಬೇಡ, ನೀನು ಅಂಥವಳೇ! ಕೆನಡಾದಲ್ಲಿ ಎಂಎಸ್ ಮೊದಲ ಲಕ್ಷಣ ಕಂಡವರಿಗೆ ಮಿನೊಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟು ನೋಡಿದ್ದರು. ಕ್ರಿಮಿ ಕೊಲ್ಲಲಿ ಅಂತಲ್ಲ, ಉರಿಯೂತ ತಗ್ಗಲಿ ಅಂತ. ಆರು ತಿಂಗಳಿಗೆ ಫಲ ಕಂಡಿತು. ಎರಡು ವರ್ಷಕ್ಕೆ ಆ ವ್ಯತ್ಯಾಸ ಉಳಿಯಲಿಲ್ಲ.

ಸೋಂಕಿಗೆ ಹೆದರಬೇಕಾದದ್ದು ಬೇರೆ ಕಾರಣಕ್ಕೆ. ಒಂದು ರಾತ್ರಿ ಚಿಕ್ಕಮ್ಮನ ಕಾಲು ಏಳಲೇ ಇಲ್ಲ. ಕಾಯಿಲೆ ಏರಿತು ಅಂತ ನಾವೆಲ್ಲ ಅತ್ತೆವು. ನೋಡಿದರೆ ಮೂತ್ರದ ಸೋಂಕು. ಹೊದಿಕೆ ಸವೆದ ನರಕ್ಕೆ ಮೈ ಬಿಸಿಯಾದರೂ ಸಾಕು, ಹಳೆಯ ತೊಂದರೆಗಳು ಮರಳಬಹುದು. ಸೋಂಕು ಇಳಿದ ಮೇಲೆ ಅವಳು ಮತ್ತೆ ನಡೆದಳು. ನಿನಗೂ ಹಾಗೇನಾದರೂ ಆದರೆ ಮೊದಲು ಜ್ವರ ನೋಡಿಕೋ, ಮೂತ್ರ ಪರೀಕ್ಷೆ ಮಾಡಿಸು. ಡಾಕ್ಟರಿಗೂ ಫೋನ್ ಮಾಡು. ನಾನೇನು ಡಾಕ್ಟರಲ್ಲ, ಅವಳ ಜೊತೆ ಓಡಾಡಿ ಕಲಿತದ್ದಷ್ಟೇ.

ಈ ಪತ್ರವನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. "ಆ ಮೂರು ಮಾತ್ರೆ ವಿಷಯ ಅವಳು ಡಾಕ್ಟರನ್ನೇ ಕೇಳಲಿ, ನಿನ್ನನ್ನಲ್ಲ" ಅಂದಳು. ಕೇಳು ಪುಟ್ಟಿ. ಅವರು ಏನೆಂದರು ಅಂತ ನನಗೂ ಬರೆ.

ನಿನ್ನ ಮಾವ