ಸಾವಿನ ಮನೆಗೆ ಹೋಗುವ ಬಾಡಿಗೆ ಬಿಲ್ಲು

ಮಾನ್ಯ ಸಂಪಾದಕರೇ,

ಕೇರಳದ ಗಡಿನಾಡು ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಹೈರ್ ಗೂಡ್ಸ್ ಅಂಗಡಿ, ಸಾಮಾನು ಬಾಡಿಗೆಗೆ ಕೊಡುವುದು. ಕುರ್ಚಿ, ಶಾಮಿಯಾನ, ಅನ್ನದ ಕೊಪ್ಪರಿಗೆ, ಜೊತೆಗೆ ಶವ ಇಡುವ ಫ್ರೀಜರ್ ಎರಡು. ಮದುವೆಗೂ ಬೊಜ್ಜಕ್ಕೂ (ಸತ್ತವರ ಉತ್ತರಕ್ರಿಯೆಗೂ) ಹೋಗುವುದು ಅದೇ ಕುರ್ಚಿ. ಸಾವಿನ ಮನೆಯವರನ್ನು ಸುಲಿಯುತ್ತಾರೆಂದು ಈ ಅಂಕಣಕ್ಕೆ ಆಗಾಗ ಪತ್ರ ಬರುತ್ತದೆ. ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು, ನಾವೇನು ಧರ್ಮಕ್ಕೆ ಕೊಡಲಿಕ್ಕೆ ಅಂಗಡಿ ಇಟ್ಟದ್ದೋ ಎಂದು. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅಪ್ಪ ತೀರಿಕೊಂಡ ಮೇಲೆ ಆ ಸಿಟ್ಟು ಇಳಿದಿದೆ.

ಅಪ್ಪ ಹೋದದ್ದು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕರ್ನಾಟಕದ ಗಡಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಅದು ಊರಿಗೆಲ್ಲ ಗೊತ್ತಾಯಿತು. ಬೆಳಗ್ಗಿನ ಜಾವ ಆಂಬುಲೆನ್ಸಿಗೆ ಹತ್ತಿಸುವಾಗ ಬಾಡಿಗೆ ಎಷ್ಟೆಂದು ಕೇಳಿದೆ. "ಅಲ್ಲಿ ಮುಟ್ಟಿದ ಮೇಲೆ ನೋಡುವ" ಎಂದರು. ನಾನೂ ಎಷ್ಟೋ ಸಲ ಹೀಗೆ ಹೇಳಿದವನೇ, ಸುಮ್ಮನಾದೆ.

ನಮ್ಮ ಮನೆಗೆ ಇಳಿಯುವ ದಾರಿ ಮುರಕಲ್ಲಿನ ಎರಡು ಎತ್ತರದ ಬರೆಗಳ ನಡುವೆ, ಮಳೆಗೆ ಪಾಚಿ ಕಟ್ಟಿ ಜಾರುತ್ತದೆ. ಗಾಡಿ ಇಳಿಯಲಿಲ್ಲ. ನೆರೆಕರೆಯವರು ಸೇರಿ ಅಪ್ಪನನ್ನು ಹೊತ್ತು ಜಗಲಿಗೆ ಮುಟ್ಟಿಸಿದರು. ನಾನು ಒಳಗೆ ಚಾಪೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಡ್ರೈವರ್ ಜಗಲಿಗೆ ಬಂದು, ತಲೆಯ ಹತ್ತಿರ ಕೂತಿದ್ದ ಅಮ್ಮನನ್ನೇ ಕೇಳಿದ: "ದುಡ್ಡು ಏರ್ ಕೊರ್ಪೆರ್?" ದುಡ್ಡು ಯಾರು ಕೊಡುತ್ತಾರೆ ಎಂದು, ತುಳುವಿನಲ್ಲಿ. ಅವನಿಗೆ ಬೇರೆ ಬಾಡಿಗೆ ಕಾಯುತ್ತಿತ್ತೋ ಏನೋ. ಅಮ್ಮ ಮೊಣಕಾಲು ಹಿಡಿದುಕೊಂಡು ಎದ್ದರು, ಕಪಾಟಿನಿಂದ ದುಡ್ಡು ತರಲಿಕ್ಕೆ.

ದುಬೈಯಿಂದ ತಮ್ಮ ಬರಬೇಕಿದ್ದ ಕಾರಣ ಆ ದಿನವೂ ರಾತ್ರಿಯೂ ಕಾಯಬೇಕಾಯಿತು. ಫ್ರೀಜರ್ ನನ್ನ ಅಂಗಡಿಯದ್ದೇ ಬಂತು. ನಮ್ಮ ಹುಡುಗ ಅಭ್ಯಾಸಬಲದಿಂದ ಬಿಲ್ಲು ಹರಿದು ಭಾವನ ಕೈಗೆ ಕೊಟ್ಟು ಹೋಗಿದ್ದಾನೆ. ಮೂರನೇ ದಿನ ಅದು ಕಿಟಕಿಯ ಸರಳಿಗೆ ಸಿಕ್ಕಿಸಿದ್ದು ಕಣ್ಣಿಗೆ ಬಿತ್ತು. "ಹೆಣದ ಪೆಟ್ಟಿಗೆ 1, ಕುರ್ಚಿ 60, ಟಾರ್ಪಾಲು 2."

ಅಂಗಡಿಗೆ ಹೋಗಿ ಹಳೆಯ ಬಿಲ್‌ಬುಕ್ಕುಗಳ ಕಾರ್ಬನ್ ಪ್ರತಿ ಮಗುಚಿ ನೋಡಿದೆ. ಹನ್ನೊಂದು ವರ್ಷದಿಂದ ಮನೆ ಮನೆಗೆ ಅದೇ ಸಾಲು ಹೋಗಿದೆ, ಹೆಚ್ಚಿನವು ನನ್ನದೇ ಅಕ್ಷರದಲ್ಲಿ. ಹುಡುಗನಿಗೆ ಏನೆಂದು ಬೈಯುವುದು? ಒಬ್ಬರಾದರೂ ಬಂದು, ಇದೇನು ಹೀಗೆ ಬರೆದಿದ್ದೀರಿ ಎಂದು ಕೇಳಿರಲಿಲ್ಲ. ಕೇಳುವ ಸ್ಥಿತಿಯಲ್ಲಿ ಯಾರಿರುತ್ತಾರೆ?

ಫ್ರೀಜರಿನ ಪಕ್ಕ ಒಂದು ರಾತ್ರಿ ಕೂತಾಗ ನನ್ನ ಕಸುಬಿನ ಬಗ್ಗೆ ನನಗೇ ಗೊತ್ತಿಲ್ಲದ್ದು ಗೊತ್ತಾಯಿತು. ಹಳೆಯ ಮನೆಗಳ ಜಗಲಿಯಲ್ಲಿ ದಪ್ಪ ಪಿನ್ನಿನ ಪ್ಲಗ್ ಇರುವುದಿಲ್ಲ. ಅಡುಗೆಮನೆಯಿಂದ ವಯರ್ ಎಳೆದರೆ ಬಂದವರೆಲ್ಲ ಅದಕ್ಕೆ ಎಡವುತ್ತಾರೆ. ಅಡಿಯ ಕೊಳವೆಯಿಂದ ನೀರು ತೊಟ್ಟಿಕ್ಕುತ್ತದೆ, ಬಾಲ್ದಿ ಇಡದಿದ್ದರೆ ನೆಲವೆಲ್ಲ ಒದ್ದೆ. ಮಳೆಗಾಲದ ಗಾಳಿಗೆ ತಣ್ಣನೆಯ ಗಾಜಿನ ಮೇಲೆ ಹನಿ ಕಟ್ಟಿ ಮುಖ ಕಾಣುವುದಿಲ್ಲ. ಅಮ್ಮ ಬೆಳಗಿನವರೆಗೆ ಸೆರಗಿನಿಂದ ಒರೆಸುತ್ತಲೇ ಇದ್ದರು. ನಮ್ಮ ಹುಡುಗರು ಇಷ್ಟು ವರ್ಷ ಪೆಟ್ಟಿಗೆ ಇಟ್ಟು ಸ್ವಿಚ್ ಹಾಕಿ ಬರುತ್ತಿದ್ದರು, ಅಷ್ಟೇ. ಕರೆಂಟು ಹೋದರೆ ಮುಚ್ಚಳ ತೆರೆಯಬೇಡಿ ಎಂದಾಗಲಿ, ಒಂದು ಬಾಲ್ದಿ, ಒಂದು ಒಣ ಬಟ್ಟೆ ಇಟ್ಟುಕೊಳ್ಳಿ ಎಂದಾಗಲಿ ಹೇಳಿದವರಿಲ್ಲ.

ಬೊಜ್ಜ ಮುಗಿಸಿ ಮರಣ ಪತ್ರಕ್ಕೆ ಪಂಚಾಯತಿಗೆ ಹೋದರೆ, ಸಾವು ಆದ ಊರಿನಲ್ಲೇ ನೋಂದಣಿ, ಮಂಗಳೂರಿಗೆ ಹೋಗಿ ಎಂದರು. ತಪ್ಪು ಅವರದ್ದಲ್ಲ, ಜನನ ಮರಣ ನೋಂದಣಿಯ 1969ರ ಕಾಯಿದೆಯೇ ಹಾಗೆ. ಆಸ್ಪತ್ರೆಯಲ್ಲಿ ಆದ ಸಾವನ್ನು 21 ದಿನದೊಳಗೆ ತಿಳಿಸುವುದು ಆಸ್ಪತ್ರೆಯ ಹೊಣೆ, ಮನೆಯಲ್ಲಾದರೆ ಮನೆಯವರದ್ದು. ಓಡುವ ವಾಹನದಲ್ಲಿ ಪ್ರಾಣ ಹೋದರೆ, ಮೊದಲು ನಿಂತ ಜಾಗದಲ್ಲಿ ವಾಹನದವನೇ ತಿಳಿಸಬೇಕು. ದಿನಕ್ಕೆರಡು ಸಲ ತಲಪಾಡಿ ದಾಟುವ ಡ್ರೈವರ್‌ಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಹೆಸರನ್ನಂತೂ ಆಸ್ಪತ್ರೆಯಲ್ಲಿ ಫಾರ್ಮ್ ತುಂಬುವಾಗಲೇ ಆಧಾರ್ ಹಿಡಿದು ನೋಡಿಕೊಳ್ಳಬೇಕು. ಅಪ್ಪನ ರೇಷನ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ ಮಲಯಾಳದ ಒಂದು "ನ್" ಅಂಟಿಕೊಂಡಿದೆ, ಆಧಾರಿನಲ್ಲಿ ಅದಿಲ್ಲ. ಈಗ ಬ್ಯಾಂಕಿನವರ ಲೆಕ್ಕಕ್ಕೆ ನನಗೆ ಇಬ್ಬರು ಅಪ್ಪಂದಿರು.

ಇದಿಷ್ಟನ್ನೂ ಶವ ಬಿಟ್ಟುಕೊಡುವ ಹೊತ್ತಿಗೆ ಕನ್ನಡದ ಒಂದು ಚೀಟಿಯಲ್ಲಿ ಕೊಟ್ಟರೆ ಆಸ್ಪತ್ರೆಗೆ ಏನು ಖರ್ಚು? ನಮ್ಮ ಪಂಚಾಯತಿಗಳ ಅನಿಲ ಚಿತಾಗಾರಗಳಲ್ಲೂ ದರದ ಬೋರ್ಡು, ಮರುದಿನ ಅಸ್ಥಿಗೆ ಎಷ್ಟು ಗಂಟೆಗೆ ಬರಬೇಕೆಂಬ ಸೂಚನೆ ಕನ್ನಡದಲ್ಲೂ ಇರಲಿ. ಕನ್ನಡದಲ್ಲಿ ಸರ್ಕಾರಕ್ಕೆ ಬರೆಯುವ ಹಕ್ಕನ್ನು ಕೇರಳದ ಭಾಷಾ ಕಾಯಿದೆ ನಮಗೆ ಕೊಟ್ಟದ್ದುಂಟು.

ಹಿಂದೆ ಇವೆಲ್ಲ ನೆರೆಕರೆಯ ಕೆಲಸ. ಚಿತೆಗೆ ಮಾವಿನ ಮರ ಕಡಿಯುವವರು ಒಬ್ಬರು, ತೆಂಗಿನ ಗೆರಟೆ ಒಟ್ಟು ಮಾಡುವವರು ಇನ್ನೊಬ್ಬರು. ಮುಸ್ಲಿಮರ ಮನೆಯಲ್ಲಿ ಮಯ್ಯತ್ತಾದರೆ ಈಗಲೂ ಮಸೀದಿಯ ಜಮಾಅತಿನವರೇ ಮುಂದೆ ನಿಂತು ನಡೆಸುವುದನ್ನು ಕಂಡಿದ್ದೇನೆ. ನಮ್ಮಲ್ಲಿ ಹುಡುಗರು ಬೆಂಗಳೂರಿಗೂ ಗಲ್ಫಿಗೂ ಹೋದರು, ಆ ಜಾಗಕ್ಕೆ ನಾವು ಬಾಡಿಗೆಯವರು ಬಂದೆವು. ಬಾಡಿಗೆ ಬೇಡ ಎನ್ನುವುದಿಲ್ಲ, ನನಗೂ ಹೊಟ್ಟೆ ಉಂಟು. ಗಾಡಿಗೆ ಹತ್ತಿಸುವ ಮೊದಲು ದರ ಬರೆದು ಕೊಡಿ. ದುಡ್ಡಿನ ಮಾತಿಗೆ ಮನೆಯವರು ತೋರಿಸಿದ ಒಬ್ಬ ನೆಂಟನನ್ನೋ ನೆರೆಯವನನ್ನೋ ದಣಪೆಯ (ಅಂಗಳದ ಬಾಗಿಲಿನ) ಹೊರಗೆ ಕರೆದು ಕೇಳಿ. ಶವದ ಹತ್ತಿರ ಕೂತವರನ್ನು ಮಾತ್ರ ಕೇಳಬೇಡಿ. ದುಡ್ಡು ಮುಳುಗೀತೆಂಬ ಹೆದರಿಕೆಯೂ ಬೇಡ: ನನ್ನ ಪುಸ್ತಕದಲ್ಲಿ ಮದುವೆ ಮನೆಗಳ ಬಾಕಿ ಬೇಕಾದಷ್ಟು ಉಂಟು, ಸಾವಿನ ಮನೆಯದ್ದು ಒಂದೂ ಇಲ್ಲ.

ನಾನು ಈಗ ಬಿಲ್ಲಿನಲ್ಲಿ "ಫ್ರೀಜರ್" ಎಂದಷ್ಟೇ ಬರೆಯುತ್ತೇನೆ, ಬಿಲ್ಲು ಕಳಿಸುವುದು ಬೊಜ್ಜ ಕಳೆದ ಮೇಲೆ. ಪೆಟ್ಟಿಗೆಯ ಜೊತೆ ಬಾಲ್ದಿ, ಎರಡು ಒಣ ಬಟ್ಟೆ, ಉದ್ದದ ವಯರ್ ಹೋಗುತ್ತದೆ. ಮೇಲೆ ಹೇಳಿದ ನೋಂದಣಿಯ ವಿಷಯವನ್ನೂ ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿದ್ದೇನೆ, 500 ಪ್ರತಿ. ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯ ಹೈರ್ ಗೂಡ್ಸಿನವರಿಗೂ ಆಂಬುಲೆನ್ಸಿನವರಿಗೂ ಬೇಕಾದರೆ ಅಂಗಡಿಗೆ ಬಂದು ಕೊಂಡೊಯ್ಯಬಹುದು. ಅದಕ್ಕೆ ಬಿಲ್ಲಿಲ್ಲ.

ಓರ್ವ ಹೈರ್ ಗೂಡ್ಸ್ ಅಂಗಡಿಯವ,
ಬದಿಯಡ್ಕ