ಸುರಬಾಯಾದಲ್ಲಿ ಮಡಿದವರ ಹೆಸರು ಕೇಳಿ: ಬೆಳಗಾವಿ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಬೆಳಗಾವಿ ಲೋಕಸಭಾ ಸದಸ್ಯರಿಗೆ ನಮಸ್ಕಾರಗಳು.

ಪ್ರತಿ ವರ್ಷ ನವೆಂಬರ್ 10ರಂದು ಇಂಡೋನೇಷ್ಯಾದಲ್ಲಿ ವೀರರ ದಿನ. 1945ರಲ್ಲಿ ಅದೇ ದಿನ ಜಾವಾ ದ್ವೀಪದ ಸುರಬಾಯಾ ನಗರದ ಮೇಲೆ ಬ್ರಿಟಿಷರು ನೆಲ, ಕಡಲು, ಆಕಾಶ ಮೂರೂ ಕಡೆಯಿಂದ ಎರಗಿದರು. ಆ ದೇಶದ ಸಾವಿರಾರು ಜನ ಸತ್ತರು. ಹಡಗು, ವಿಮಾನಗಳು ಬ್ರಿಟಿಷರವು. ನೆಲದ ಮೇಲೆ ಬೀದಿ ಬೀದಿ ನುಗ್ಗಿದ ಸೈನಿಕರಲ್ಲಿ ಹೆಚ್ಚಿನವರು ಭಾರತೀಯರು. ಅದಕ್ಕೆ ಎರಡು ವಾರ ಮುಂಚೆ ಆ ಬಂದರಿನಲ್ಲಿ ಇಳಿದಿದ್ದ 49ನೇ ಭಾರತೀಯ ಬ್ರಿಗೇಡಿನ ಮೂರು ಪದಾತಿ ಬೆಟಾಲಿಯನ್‌ಗಳಲ್ಲಿ ಎರಡು ಮರಾಠಾ ಲಘು ಪದಾತಿದಳಕ್ಕೆ ಸೇರಿದವು. ಆ ದಳದ ಕೇಂದ್ರ 1922ರಿಂದ ನಮ್ಮ ಬೆಳಗಾವಿಯಲ್ಲಿದೆ. ಈ ಪತ್ರವನ್ನು ತಮಗೇ ಬರೆಯುತ್ತಿರುವುದು ಆ ಕಾರಣಕ್ಕೆ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಏಷ್ಯಾದ ದೇಶಗಳು ವಸಾಹತು ಆಳ್ವಿಕೆಯಿಂದ ಬಿಡುಗಡೆಯಾದ ಕಥೆಯನ್ನು ನಾವು ಒಂದೊಂದು ದೇಶದ ಸ್ವಂತ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಆದರೆ ಇಂಡೋನೇಷ್ಯಾದ ಬಿಡುಗಡೆಯ ಮೊದಲ ಪುಟದಲ್ಲಿಯೇ ನಮ್ಮವರ ರಕ್ತವಿದೆ, ನಮ್ಮವರು ಹರಿಸಿದ ರಕ್ತವೂ ಇದೆ. ಅದನ್ನು ಬಿಟ್ಟು ಆ ಕಥೆ ಪೂರ್ತಿಯಾಗುವುದಿಲ್ಲ.

ನಡೆದದ್ದು ಹೀಗೆ. ಯುದ್ಧಕಾಲದಲ್ಲಿ ಇಂಡೋನೇಷ್ಯಾವನ್ನು ಡಚ್ಚರ ಕೈಯಿಂದ ಕಸಿದುಕೊಂಡಿದ್ದ ಜಪಾನ್ 1945ರ ಆಗಸ್ಟ್ 15ರಂದು ಶರಣಾಯಿತು. ಎರಡೇ ದಿನಗಳ ನಂತರ ಸ್ವಾತಂತ್ರ್ಯ ಹೋರಾಟದ ನಾಯಕ ಸುಕರ್ನೊ ಜಕಾರ್ತಾದಲ್ಲಿ ತಮ್ಮ ಮನೆಯ ಮುಂದೆ ನಿಂತು, ಮೊಹಮ್ಮದ್ ಹತ್ತಾ ಅವರ ಜೊತೆಯಲ್ಲಿ, ಸ್ವಾತಂತ್ರ್ಯದ ಘೋಷಣೆ ಓದಿದರು. ಎರಡೇ ವಾಕ್ಯಗಳ ಘೋಷಣೆ. ಡಚ್ಚರಿಗೆ ಅದು ಬೇಕಿರಲಿಲ್ಲ, ಆದರೆ ಹಿಟ್ಲರನ ಆಕ್ರಮಣದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಅವರ ಬಳಿ ಕಳಿಸಲು ಸೈನ್ಯವೂ ಇರಲಿಲ್ಲ. ಜಪಾನಿ ಸೈನಿಕರ ಆಯುಧ ಕಿತ್ತುಕೊಳ್ಳುವುದು, ಅವರು ಬಂಧಿಸಿಟ್ಟಿದ್ದವರನ್ನು ಬಿಡಿಸುವುದು ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕರಾಗಿದ್ದ ಮೌಂಟ್‌ಬ್ಯಾಟನ್ನರ ಪಾಲಿಗೆ ಬಂತು. ಅವರ ಕೈಯಲ್ಲಿದ್ದ ದಂಡು ಮುಖ್ಯವಾಗಿ ಭಾರತೀಯ ದಂಡು.

ಸುರಬಾಯಾ ಅಷ್ಟರಲ್ಲಿ ಕುದಿಯುತ್ತಿತ್ತು. ಸೆಪ್ಟೆಂಬರ್ 19ರಂದು ಅಲ್ಲಿನ ಯಮಾಟೊ ಹೋಟೆಲಿನ ಮೇಲೆ ಡಚ್ಚರು ತಮ್ಮ ಕೆಂಪು, ಬಿಳಿ, ನೀಲಿ ಧ್ವಜ ಏರಿಸಿದ್ದರು. ಯುವಕರು ಗೋಡೆ ಹತ್ತಿ ಕೆಳಗಿನ ನೀಲಿ ಪಟ್ಟಿಯನ್ನಷ್ಟೇ ಹರಿದೆಸೆದರು. ಉಳಿದ ಕೆಂಪು ಬಿಳುಪು ಅವರದೇ ಗಣರಾಜ್ಯದ ಧ್ವಜವಾಯಿತು. ಜಪಾನಿಯರ ಶಸ್ತ್ರಾಗಾರಗಳೂ ಯುವಕರ ಕೈ ಸೇರಿದ್ದವು.

ಅಕ್ಟೋಬರ್ 25ರಂದು ಬ್ರಿಗೇಡಿಯರ್ ಮಾಲಬಿಯ ಕೈಕೆಳಗೆ 49ನೇ ಬ್ರಿಗೇಡ್ ಈ ಊರಿನಲ್ಲಿ ಇಳಿಯಿತು. ಮಾಲಬಿ ಸ್ಥಳೀಯ ನಾಯಕರೊಂದಿಗೆ ಮಾತನಾಡಿ ಒಂದು ಹೊಂದಾಣಿಕೆಗೆ ಬಂದಿದ್ದರು. ಆದರೆ 27ರಂದು ಜಕಾರ್ತಾದಿಂದ ಬಂದ ವಿಮಾನ ಊರ ಮೇಲೆ ಕರಪತ್ರ ಚೆಲ್ಲಿತು: 48 ಗಂಟೆಯೊಳಗೆ ಆಯುಧ ಒಪ್ಪಿಸಿ, ಇಲ್ಲವಾದರೆ ಗುಂಡು. ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ನನ್ನ ದೃಷ್ಟಿಯಲ್ಲಿ ಮುಂದಿನ ಹತ್ಯಾಕಾಂಡದ ಹೊಣೆಯನ್ನು ಆ ಕರಪತ್ರ ಬರೆದ ಮೇಲಧಿಕಾರಿಗಳೇ ಹೊರಬೇಕು, ಬೀದಿಯಲ್ಲಿ ಸಿಕ್ಕಿಬಿದ್ದ ಜವಾನನಲ್ಲ. ಮರುದಿನ ಊರಿಗೆ ಊರೇ ಎದ್ದಿತು. ಸಣ್ಣ ಸಣ್ಣ ತುಕಡಿಗಳಾಗಿ ಊರ ತುಂಬ ಚದುರಿಹೋಗಿದ್ದ ಸೈನಿಕರು ಒಬ್ಬರಿಗೊಬ್ಬರು ನೆರವಾಗಲೂ ಆಗದೆ ಬಲಿಯಾದರು. ಬಂಧನ ಶಿಬಿರದಿಂದ ಬಿಡುಗಡೆಯಾದ ಡಚ್ ಹೆಂಗಸರನ್ನೂ ಮಕ್ಕಳನ್ನೂ ಲಾರಿಗಳಲ್ಲಿ ಕರೆದೊಯ್ಯುತ್ತಿದ್ದ ಮರಾಠಾ ಜವಾನರು ಅವರನ್ನು ಉಳಿಸಲು ಕೊನೆಯ ಗುಂಡಿನವರೆಗೆ ಕಾದಾಡಿದರು. ಸುಕರ್ನೊ ಅವರನ್ನೇ ವಿಮಾನದಲ್ಲಿ ಕರೆತಂದು ಕದನ ವಿರಾಮ ಮಾಡಿಸಬೇಕಾಯಿತು. ಅದೂ ನಿಲ್ಲಲಿಲ್ಲ. 30ರ ಸಂಜೆ ಕೆಂಪು ಸೇತುವೆಯ ಬಳಿ, ಮರಾಠಾ ಸೈನಿಕರು ಬೀಡುಬಿಟ್ಟಿದ್ದ ಕಟ್ಟಡದ ಮುಂದೆಯೇ, ಮಾಲಬಿ ಸತ್ತರು. ಅದಕ್ಕೆ ಪ್ರತೀಕಾರವೇ ನವೆಂಬರ್ 10.

ನಮ್ಮ ಜವಾನರ ಸ್ಥಿತಿಯನ್ನು ಒಮ್ಮೆ ಯೋಚಿಸಿ, ಮಾನ್ಯರೇ. ತನ್ನ ದೇಶಕ್ಕೇ ಇನ್ನೂ ಸ್ವಾತಂತ್ರ್ಯವಿಲ್ಲ. ಬರ್ಮಾದ ಯುದ್ಧ ಮುಗಿಯಿತು, ಇನ್ನು ಊರಿಗೆ ಹೋಗಬಹುದು ಎಂದುಕೊಂಡವನನ್ನು ಇನ್ನೊಂದು ದೇಶದ ಸ್ವಾತಂತ್ರ್ಯದ ಎದುರಿಗೆ ನಿಲ್ಲಿಸಿದರು. ಆ ಕಡೆಯವರು ಅವನನ್ನು ಉದ್ದೇಶಿಸಿಯೇ ಕರಪತ್ರ ಹಂಚುತ್ತಿದ್ದರು: ನಿನ್ನ ನಾಡಿನಲ್ಲಿ ಬೇಡವಾದ ದೊರೆಗಾಗಿ ಇಲ್ಲಿ ಏಕೆ ಸಾಯುತ್ತೀಯೆ? ಜಾವಾ, ಸುಮಾತ್ರಾಗಳಿಗೆ ಹೋದ ಭಾರತೀಯ ಸೈನಿಕರಲ್ಲಿ ನೂರಾರು ಜನ ದಳ ಬಿಟ್ಟು ಗಣರಾಜ್ಯದ ಕಡೆ ಸೇರಿದರು. ಆಜ್ಞೆ ಪಾಲಿಸಿ ಸತ್ತವನೂ ನಮ್ಮವನೇ, ಆಜ್ಞೆ ಮೀರಿ ಆಚೆ ಹೋದವನೂ ನಮ್ಮವನೇ. ಇಬ್ಬರ ಹೆಸರೂ ನಮ್ಮ ಜನರಿಗೆ ಗೊತ್ತಿಲ್ಲ. ಜಕಾರ್ತಾದ ಮೆಂತೆಂಗ್ ಪುಲೋ ಯುದ್ಧ ಸ್ಮಶಾನದಲ್ಲಿ ಭಾರತೀಯ ಸೈನಿಕರ ಸಮಾಧಿಗಳಿವೆ. ಅಲ್ಲಿಗೆ ಹೋಗಿ ಹೂವಿಡುವ ಬಂಧುಗಳು ಎಷ್ಟು ಮಂದಿ ಇದ್ದಾರು?

ಆ ಸೈನ್ಯದ ಬಳಕೆಯನ್ನು ನೆಹರೂ ಆಗಲೇ ಬಹಿರಂಗವಾಗಿ ವಿರೋಧಿಸಿದ್ದರು. ನಂತರದ ಮೂರು ನಾಲ್ಕು ವರ್ಷಗಳಲ್ಲಿ ಎರಡೂ ದೇಶಗಳು ಪರಸ್ಪರ ನಡೆದುಕೊಂಡ ರೀತಿಯನ್ನು ಓದಿದಾಗ ಈಗಲೂ ಎದೆ ತುಂಬಿ ಬರುತ್ತದೆ. 1946ರಲ್ಲಿ ಇಲ್ಲಿ ಕ್ಷಾಮದ ಭೀತಿ ಇದ್ದಾಗ, ಡಚ್ಚರ ದಿಗ್ಬಂಧನದಲ್ಲಿ ಸಿಕ್ಕಿದ್ದ ಅದೇ ಇಂಡೋನೇಷ್ಯಾದ ಪ್ರಧಾನಿ ಸುತಾನ್ ಶಹ್ರೀರ್ 5 ಲಕ್ಷ ಟನ್ ಅಕ್ಕಿ ಕೊಡುತ್ತೇವೆಂದು ಮುಂದೆ ಬಂದರು. ಬದಲಿಗೆ ಕೇಳಿದ್ದು ಬಟ್ಟೆ, ಬೇಸಾಯದ ಸಲಕರಣೆಗಳಂಥ ವಸ್ತುಗಳನ್ನು. 1947ರ ಜುಲೈನಲ್ಲಿ ಡಚ್ಚರು ದಂಡೆತ್ತಿ ಬಂದಾಗ ಒಡಿಶಾದ ಬಿಜು ಪಟ್ನಾಯಕ್ ತಾವೇ ಡಕೋಟಾ ವಿಮಾನ ಹಾರಿಸಿಕೊಂಡು ಹೋಗಿ ಶಹ್ರೀರ್ ಅವರನ್ನು ಹೊರಗೆ ಕರೆತಂದರು. ಔಷಧಿ ಒಯ್ಯುತ್ತಿದ್ದ ಅವರ ಕಂಪನಿಯ ಇನ್ನೊಂದು ವಿಮಾನವನ್ನು ಡಚ್ಚರು ಯೋಗ್ಯಕರ್ತಾದ ಬಳಿ ಹೊಡೆದುರುಳಿಸಿದರು. 1948ರ ಡಿಸೆಂಬರ್‌ನಲ್ಲಿ ಎರಡನೇ ದಾಳಿ ನಡೆದು ಸುಕರ್ನೊ, ಹತ್ತಾ ಸೆರೆಯಾದಾಗ ಭಾರತ ತನ್ನ ಆಕಾಶವನ್ನು ಡಚ್ ವಿಮಾನಗಳಿಗೆ ಮುಚ್ಚಿತು. ಮರುತಿಂಗಳೇ ದೆಹಲಿಯಲ್ಲಿ ಇಂಡೋನೇಷ್ಯಾಕ್ಕಾಗಿಯೇ ಸಮ್ಮೇಳನ ಕರೆಯಿತು. ವಿಶ್ವಸಂಸ್ಥೆಯ ಒತ್ತಡ, ಅಮೆರಿಕದ ಒತ್ತಡ, ಎಲ್ಲಕ್ಕಿಂತ ಹೆಚ್ಚಾಗಿ ಹಳ್ಳಿಗಳಲ್ಲಿ ನಿಲ್ಲದ ಗೆರಿಲ್ಲಾ ಹೋರಾಟ ಸೇರಿ 1949ರ ಡಿಸೆಂಬರ್ 27ರಂದು ಡಚ್ಚರು ಅಧಿಕಾರ ಬಿಟ್ಟುಕೊಟ್ಟರು. ಹೋಗುವಾಗ 400 ಕೋಟಿ ಗಿಲ್ಡರಿಗೂ ಮೀರಿದ ಸಾಲವನ್ನು ಹೊಸ ದೇಶದ ತಲೆಗೆ ಕಟ್ಟಿಯೇ ಹೋದರು. ಒಂದು ತಿಂಗಳೊಳಗೆ, 1950ರ ಜನವರಿ 26ರಂದು, ನಮ್ಮ ಮೊಟ್ಟಮೊದಲ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದವರು ಸುಕರ್ನೊ.

ಈ ಸ್ನೇಹದ ಭಾಗವನ್ನು ದೆಹಲಿಯವರು ಆಗಾಗ ನೆನೆಯುತ್ತಾರೆ. ಸುರಬಾಯಾದ ಭಾಗವನ್ನು ನೆನೆಯುವುದಿಲ್ಲ. ಡಚ್ ದೊರೆ 2020ರಲ್ಲಿ ಇಂಡೋನೇಷ್ಯಾಕ್ಕೆ ಹೋಗಿ, ತಮ್ಮವರು ನಡೆಸಿದ ಮಿತಿಮೀರಿದ ಹಿಂಸೆಗಾಗಿ ಕ್ಷಮೆ ಕೇಳಿದರು. ಭಾರತೀಯ ಸೈನಿಕರನ್ನು ಸುರಬಾಯಾಕ್ಕೆ ಕಳಿಸಿದ್ದು ನಾವಲ್ಲವಾದ್ದರಿಂದ ನಾವು ಕ್ಷಮೆ ಕೇಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅವರು ಯಾರೆಂದು ಹೇಳುವ ಕರ್ತವ್ಯ ನಮ್ಮದು.

ತಮ್ಮಲ್ಲಿ ನನ್ನ ಕೋರಿಕೆ ಎರಡು. 1945 ಮತ್ತು 46ರಲ್ಲಿ ಜಾವಾ, ಸುಮಾತ್ರಾಗಳಲ್ಲಿ ಮಡಿದ, ಕಾಣೆಯಾದ, ದಳ ಬಿಟ್ಟ ಮರಾಠಾ ಲಘು ಪದಾತಿದಳದ ಸೈನಿಕರ ಪಟ್ಟಿಯನ್ನು, ಹುಟ್ಟೂರು ಸಹಿತ, ಪ್ರಕಟಿಸುವಂತೆ ಲೋಕಸಭೆಯಲ್ಲಿ ರಕ್ಷಣಾ ಸಚಿವರಿಗೆ ಲಿಖಿತ ಪ್ರಶ್ನೆ ಹಾಕಿ. ಬೆಳಗಾವಿ, ಕೊಲ್ಹಾಪುರ, ಸಾತಾರಾ, ಕೊಂಕಣದ ಎಷ್ಟೋ ಮನೆಗಳಿಗೆ ಅದು ಮುತ್ತಜ್ಜನ ಕೊನೆಯ ಸುದ್ದಿಯಾದೀತು. ಎರಡನೆಯದಾಗಿ, ಬರುವ ನವೆಂಬರ್ 10ರಂದು ಇಂಡೋನೇಷ್ಯಾದ ರಾಯಭಾರಿಯನ್ನು ಬೆಳಗಾವಿಗೆ ಆಹ್ವಾನಿಸಿ, ಎರಡೂ ಕಡೆ ಸತ್ತವರಿಗೆ ಒಟ್ಟಿಗೆ ಗೌರವ ಸಲ್ಲಿಸುವ ಏರ್ಪಾಡು ಮಾಡಿಸಿ. ಕಾಲೇಜು ವಿದ್ಯಾರ್ಥಿಗಳನ್ನು ಕರೆತಂದು ಆ ದಿನದ ಇತಿಹಾಸ ಹೇಳುವ ಕೆಲಸವನ್ನು ನನ್ನಂಥ ನಿವೃತ್ತ ಅಧ್ಯಾಪಕರು ಸಂತೋಷದಿಂದ ಮಾಡುತ್ತೇವೆ. ಪ್ರಶ್ನೆಯ ಕರಡು ಬೇಕೆಂದರೆ ಅದನ್ನೂ ಸಿದ್ಧಪಡಿಸಿ ತಮ್ಮ ಕಚೇರಿಗೆ ತಲುಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ, ನಿವೃತ್ತ ಇತಿಹಾಸ ಅಧ್ಯಾಪಕ
ಬೆಳಗಾವಿ