ಕೌದಿ ಚಿತ್ರಕ್ಕೆ ಚೌಕ ಹಾಕಿ ಕೊಡಿ

ಸಂಪಾದಕರೇ,

ಪುರವಣಿಯಲ್ಲಿ ಬರುವ ಕೌದಿ ವಿನ್ಯಾಸಗಳು ಚೆನ್ನಾಗಿರುತ್ತವೆ. ಆದರೆ ಅಂಗೈಯಷ್ಟು ಚಿತ್ರ ಹಾಕಿ, ಸುಮ್ನೆ ‘ದೊಡ್ಡದು ಮಾಡಿಕೊಳ್ಳಿ’ ಅಂದರೆ ಹೊಸಬರು ಏನು ಮಾಡಬೇಕು? ಜೆರಾಕ್ಸ್‌ನಲ್ಲಿ ಹಿಗ್ಗಿಸಿದರೆ ಗೆರೆಗಳೂ ದಪ್ಪ ಆಗುತ್ತವೆ. ಚಿತ್ರದ ಮೇಲೆ ಕಾಲು ಇಂಚಿನ ಚೌಕಗಳನ್ನು ಅಚ್ಚು ಹಾಕಿಬಿಡಿ. ನಾವು ಹಳೇ ಪೇಪರ್ ಅಂಟಿಸಿ, 5 ಇಂಚಿನ ಚೌಕ ಎಳೆದು, ಒಂದೊಂದು ಚೌಕದೊಳಗಿನ ಗೆರೆಯನ್ನು ನೋಡಿ ಬರೆದುಕೊಂಡರೆ ಸಾಕು, 3 ಇಂಚು ಅಗಲ 4 ಇಂಚು ಉದ್ದದ ಚಿತ್ರ 60ಕ್ಕೆ 80 ಇಂಚಿನ ಕೌದಿ ಆಗುತ್ತದೆ. ಹೊಲಿಗೆಗೆ ಬಿಡುವ ಕಾಲು ಇಂಚನ್ನು ಮಾತ್ರ ಚಿತ್ರದಲ್ಲಿ ಸೇರಿಸಬೇಡಿ, ಅದೂ 20 ಪಟ್ಟು ಹಿಗ್ಗಿ 5 ಇಂಚು ಆಗುತ್ತದೆ ಅಲ್ವಾ! ಬಟ್ಟೆ ಕತ್ತರಿಸುವಾಗ ಬಿಟ್ಟುಕೊಳ್ಳುತ್ತೇವೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ನಕ್ಷೆಯೇ ಇಲ್ಲದೆ ಅಂಚಿನಿಂದ ಒಳಕ್ಕೆ ಕೌದಿ ಹೊಲಿಯುತ್ತಾರೆ. ನಮಗಂತೂ ಚೌಕ ಬೇಕೇ ಬೇಕು.

— ಒಬ್ಬ ಓದುಗರು, ಧಾರವಾಡ